ಋತುಮಾನಕ್ಕೆ ತಕ್ಕಂತೆ ನಾಯಿಯ ಆರೈಕೆ

ಕಾಯಕ ಮತ್ತು ದಾಸೋಹ ಶರಣರು ನಮಗಿತ್ತ ಎರಡು ಮಹಾತತ್ತ್ವಗಳು. ಹಗಲಿರುಳೆನ್ನದೆ ಮನೆ, ಕಣ, ತೋಟಗಳನ್ನು ಕಾಯುವ ನಾಯಿಯೂ ತನ್ನ ಪಾಲಿನ ಕಾಯಕವನ್ನು ಮಾಡುತ್ತಲೇ ಇದೆ. ಅದಕ್ಕೆ ಸಲ್ಲಬೇಕಾದ ದಾಸೋಹವನ್ನು ನಾವು ಸಲ್ಲಿಸುತ್ತಿದ್ದೇವೆಯೇ ಎಂದು ಯೋಚಿಸಬೇಕಾಗಿದೆ. ಎರಡು ಹೊತ್ತು ಅನ್ನ ಹಾಕಿ ಸರಪಳಿಯಲ್ಲಿ ಕಟ್ಟಿದರೆ ಹೊಣೆ ಮುಗಿಯಿತೆಂದು ಭಾವಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ನಾಯಿಯನ್ನು ಗೌರವದಿಂದ ಕಂಡ ಪರಂಪರೆ ಕನ್ನಡನಾಡಿಗೆ ಹೊಸದಲ್ಲ. ಕ್ರಿ.ಶ. 949-50ರ ಆತಕೂರು ಶಾಸನವೇ ಇದಕ್ಕೆ ಸಾಕ್ಷಿ. ಗಂಗರ ಬೂತುಗನ ವೀರನಾದ ಮಣಲೇರನು ತನ್ನ ಪರಾಕ್ರಮಕ್ಕೆ ಮೆಚ್ಚಿ ಒಡೆಯನು ಬೇಡಿದ್ದನ್ನು ಕೊಡುವೆನೆಂದಾಗ, 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದಾಗ, ಅದರ ನೆನಪಿಗೆ ಆತಕೂರಿನ ಶಿವಾಲಯದ ಮುಂದೆ ಕಲ್ಲು ನೆಡಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟನು. ಆ ಶಿಲೆ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅರಸೀಕೆರೆ, ಬೇಲೂರು, ಹಳೇಬೀಡು ಒಂದೇ ಹಾಸನ ಜಿಲ್ಲೆಗೆ ಸೇರಿದ್ದರೂ ಹವೆ ಒಂದೇ ಅಲ್ಲ. ಅರಸೀಕೆರೆಯ ತೆಂಗಿನ ಸೀಮೆ ಬಯಲುನಾಡು. ಅಲ್ಲಿ ಬಿಸಿಲಿನದೇ ಚಿಂತೆ. ಬೇಲೂರಿನಿಂದ ಪಡುವಣಕ್ಕೆ ಸಾಗಿದಂತೆ ಮಲೆನಾಡು. ಅಲ್ಲಿ ಮಳೆಯದೇ ಚಿಂತೆ. ನಡುವಿನ ಹಳೇಬೀಡಿಗೆ ಎರಡರ ಪಾಲೂ ಉಂಟು. ಆದ್ದರಿಂದ ನಾಯಿಯ ಆರೈಕೆಯೂ ಊರಿಗೆ, ಋತುವಿಗೆ ತಕ್ಕಂತಿರಬೇಕು.

ಬೇಸಿಗೆ

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ಅಂಗಾಲಿನಲ್ಲಿ ಮಾತ್ರ ಅಲ್ಪಸ್ವಲ್ಪ ಬೆವರುತ್ತದೆ. ಉಳಿದ ಶಾಖವನ್ನೆಲ್ಲ ನಾಲಿಗೆ ಚಾಚಿ ಏದುಸಿರು ಬಿಡುವುದರಿಂದಲೇ ಕಳೆದುಕೊಳ್ಳಬೇಕು. ಅದರ ಸಹಜ ದೇಹೋಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106ನ್ನು ದಾಟಿದರೆ ಪ್ರಾಣಕ್ಕೇ ಅಪಾಯ. ಪಗ್‌ನಂತಹ ಮೋಟು ಮೂತಿಯ ತಳಿಗಳಿಗೆ ಈ ಅಪಾಯ ಇನ್ನೂ ಹೆಚ್ಚು.

ಬೇಲೂರು, ಹಳೇಬೀಡುಗಳ ದೇವಾಲಯದ ಕಲ್ಲುಹಾಸಿನ ಮೇಲೆ ನಡುಹಗಲಿನಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಆ ಸುಡುವಿಕೆ ಏನೆಂದು ಗೊತ್ತು. ಡಾಂಬರು ರಸ್ತೆಯಲ್ಲಿ ನಾಯಿ ಪಡುವ ಪಾಡೂ ಅದೇ. ಅಂಗೈಯ ಹಿಂಬದಿಯನ್ನು ನೆಲದ ಮೇಲೆ ಐದಾರು ಕ್ಷಣ ಇಟ್ಟು ನೋಡಿ. ನಮಗೆ ತಾಳಲಾಗದಿದ್ದರೆ ಅದಕ್ಕೂ ಆಗದು. ಈ ದಿನಗಳಲ್ಲಿ ಹೊತ್ತು ಮೂಡುವ ಮುನ್ನ ಮತ್ತು ಮುಳುಗಿದ ಮೇಲೆ ಮಾತ್ರ ನಡಿಗೆ ಮಾಡಿಸುವುದು ಕ್ಷೇಮ.

ತೋಟದ ಕಾವಲಿಗೆ ಕಟ್ಟಿದ ನಾಯಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬೆಳಿಗ್ಗೆ ಇದ್ದ ನೆರಳು ಮಧ್ಯಾಹ್ನಕ್ಕೆ ಸರಿದುಹೋಗುತ್ತದೆ. ಸರಪಳಿಯಲ್ಲಿರುವ ನಾಯಿ ಅದರ ಹಿಂದೆ ಹೋಗಲಾರದು. ತಗಡಿನ ಗೂಡು ಒಲೆಯಂತೆ ಕಾಯುತ್ತದೆ. ಅದರ ಮೇಲೆ ತೆಂಗಿನ ಗರಿ ಹೊದಿಸಿದರೆ ತಂಪು. ನಾಯಿಗೆ ದಿನಕ್ಕೆ, ಅದರ ತೂಕದ ಪ್ರತಿ ಕಿಲೋಗೆ 50ರಿಂದ 60 ಮಿಲಿ ಲೀಟರ್ ನೀರು ಬೇಕು; ಬಿಸಿಲಿನಲ್ಲಿ ಇನ್ನೂ ಹೆಚ್ಚು. ಮಗುಚಿಬೀಳದ ಕಲ್ಲಿನ ಇಲ್ಲವೆ ಮಣ್ಣಿನ ಪಾತ್ರೆ ಉತ್ತಮ.

ವಿಪರೀತ ಏದುಸಿರು, ಜೊಲ್ಲು, ತೂರಾಟ ಕಂಡರೆ ಕೂಡಲೇ ನೆರಳಿಗೆ ತಂದು, ಹೊಟ್ಟೆ, ತೊಡೆಸಂದು, ಪಾದಗಳಿಗೆ ಸಾಮಾನ್ಯ ತಣ್ಣೀರು ಹಾಕಿ ಗಾಳಿ ಬೀಸಬೇಕು. ಮಂಜುಗಡ್ಡೆಯ ನೀರು ಬೇಡ. ಬಳಿಕ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮಳೆಗಾಲ

ಮೃಗಶಿರಾ, ಆರಿದ್ರಾ ಮಳೆಗಳು ಹಿಡಿದವೆಂದರೆ ಉಣ್ಣೆಗಳ ಕಾಟವೂ ಹೆಚ್ಚುತ್ತದೆ. ಉಣ್ಣೆ ಬರಿಯ ತುರಿಕೆಯ ಹುಳುವಲ್ಲ. ಅದು ರಕ್ತಕ್ಕೆ ರೋಗಾಣುಗಳನ್ನು ಸೇರಿಸಿ ಉಣ್ಣೆಜ್ವರ ತರುತ್ತದೆ. ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಇದರ ಲಕ್ಷಣಗಳು. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ದಿನವೂ ಪರೀಕ್ಷಿಸಬೇಕು. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಹಚ್ಚುವುದು ವಿಷವಿಕ್ಕಿದಂತೆಯೇ ಸರಿ. ವೈದ್ಯರು ಸೂಚಿಸಿದ ಔಷಧವನ್ನೇ ಬಳಸತಕ್ಕದ್ದು.

ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಎಂಬ ರೋಗ ನಾಯಿಗೂ, ಅದರಿಂದ ಮನುಷ್ಯರಿಗೂ ತಗಲಬಹುದು. ಹೊರಗಿನಿಂದ ಬಂದೊಡನೆ ಪಾದಗಳನ್ನು ತೊಳೆದು, ಒಣಬಟ್ಟೆಯಿಂದ ಒರೆಸಬೇಕು. ಜಡಿಮಳೆಯಲ್ಲಿ ನಡಿಗೆ ತಪ್ಪಿದರೆ ಜಗಲಿಯಲ್ಲಿಯೇ ರೊಟ್ಟಿಯ ಚೂರುಗಳನ್ನು ಅಲ್ಲಲ್ಲಿ ಬಚ್ಚಿಟ್ಟು ಹುಡುಕಿಸಬಹುದು. ಮೂಗಿಗೆ ಕೆಲಸ ಸಿಕ್ಕರೆ ನಾಯಿಯ ಮನಸ್ಸಿಗೂ ಉಲ್ಲಾಸ.

ಚಳಿಗಾಲ

ಮಾರ್ಗಶಿರ, ಪುಷ್ಯ ಮಾಸಗಳ ಇಬ್ಬನಿಗೆ ಮುದಿ ನಾಯಿಯ ಕೀಲುಗಳು ಬಿಗಿಯುತ್ತವೆ. ಸಿಮೆಂಟಿನ ನೆಲದ ಬದಲು ಎರಡು ಪದರ ಗೋಣಿಚೀಲ ಹಾಸಿ, ಗಾಳಿ ನುಗ್ಗದ ಮೂಲೆಯಲ್ಲಿ ಮಲಗಿಸಬೇಕು. ನಡಿಗೆಯನ್ನು ಬಿಡಿಸಬಾರದು, ಬಿಸಿಲೇರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಬಾರಿ ನಡೆಸಬೇಕು. ನೋವಿಗೆಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಕೊಡುವುದು ಅಪಾಯಕರ. ಚಿರತೆಯ ಓಡಾಟವಿರುವ ಕಡೆ ರಾತ್ರಿ ನಾಯಿಯನ್ನು ಹೊರಗೆ ಕಟ್ಟುವುದು ಅದನ್ನು ಬಲಿಗೆ ಒಪ್ಪಿಸಿದಂತೆ.

ಎಲ್ಲ ಕಾಲಕ್ಕೂ

ಬರಿಯ ಅನ್ನ-ಹಾಲು ಅಥವಾ ರಾಗಿ ಅಂಬಲಿ ನಾಯಿಗೆ ಪೂರ್ಣಾಹಾರವಲ್ಲ. ಅದಕ್ಕೆ ಸಸಾರಜನಕ ಹೆಚ್ಚು ಬೇಕು. ಸಸ್ಯಾಹಾರದ ಮನೆಗಳಲ್ಲಿಯೂ ಪಶುವೈದ್ಯರ ಸಲಹೆಯಂತೆ ಬೇಳೆ, ಮೊಸರು, ಅಗತ್ಯ ಪೋಷಕಾಂಶಗಳನ್ನು ಹೊಂದಿಸಿದರೆ ನಾಯಿಯನ್ನು ಆರೋಗ್ಯದಿಂದ ಸಾಕಬಹುದು. ಈರುಳ್ಳಿ, ಚಾಕೊಲೇಟು, ದ್ರಾಕ್ಷಿ ಅದಕ್ಕೆ ವಿಷ. ಆದ್ದರಿಂದ ಒಣದ್ರಾಕ್ಷಿಯ ಪಾಯಸವನ್ನು ಪ್ರೀತಿಯಿಂದಲೂ ಹಾಕಬಾರದು.

ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಬಳಿಕ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮರುಲಸಿಕೆ ಕೊಡಿಸಬೇಕು. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮಂತ್ರ-ತಂತ್ರಗಳನ್ನು ನಂಬಿ ಕಾಲ ಕಳೆಯಬಾರದು. ನಾಯಿಯ ಕಾಯಿಲೆಗೆ ಊರಿನ ಪಶು ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ.

ಬಾಯಿಲ್ಲದ ಪ್ರಾಣಿ ತನ್ನ ಬಾಯಾರಿಕೆಯನ್ನು ಹೇಳಿಕೊಳ್ಳಲಾರದು. ಅರಿತು ನೀಡಬೇಕಾದವರು ನಾವೇ. ದಿನಕ್ಕೆ ಎರಡು ಬಾರಿ ಸರಪಳಿ ಬಿಚ್ಚಿ ಅರ್ಧ ಗಂಟೆ ಓಡಾಡಿಸುವುದು, ಒಂದು ಪಾತ್ರೆ ನೀರು, ಸರಿಯದ ನೆರಳು, ಒಣಗಿದ ಹಾಸು: ಇವು ಯಾವ ಮನೆಗೂ ಭಾರವಲ್ಲ. ಇಷ್ಟನ್ನು ಮಕ್ಕಳ ಕೈಯಿಂದ ಮಾಡಿಸಿದರೆ ನಾಯಿಗೆ ಸುಖ, ಮಕ್ಕಳಿಗೆ ಕಾರುಣ್ಯದ ಮೊದಲ ಪಾಠ. ಭಕ್ತಾದಿಗಳೆಲ್ಲರೂ ಇದನ್ನು ನಿತ್ಯದ ನೇಮದಲ್ಲಿ ಸೇರಿಸಿಕೊಳ್ಳಲೆಂದು ಹಾರೈಸುತ್ತೇವೆ.