ಧರ್ಮಕ್ಕೆ ಬಂದ ಬ್ರೌಸರು

ನಮ್ಮ ಬಂಧುಗಳಲ್ಲಿ ಒಬ್ಬರು ನಿವೃತ್ತ ಉಪಾಧ್ಯಾಯರು. ಸುಮಾರು ಹದಿನೆಂಟು ವರ್ಷಗಳ ಹಿಂದೆ ಮಗನ ಒತ್ತಾಯಕ್ಕೆ ಕಟ್ಟುಬಿದ್ದು ಮನೆಗೊಂದು ಕಂಪ್ಯೂಟರು ತರಿಸಿದರು. ತರಿಸಿದ ಮೇಲೆ ಅದನ್ನು ಬಲು ನಿಷ್ಠೆಯಿಂದಲೇ ಬಳಸಿದರೆನ್ನಬೇಕು. ಬೆಳಗಿನ ಸ್ನಾನ, ಕಾಫಿಗಳು ಮುಗಿದೊಡನೆ ಅದರ ಮುಂದೆ ಕುಳಿತು ನೀಲಿ ಬಣ್ಣದ ‘ಇ’ ಅಕ್ಷರವೊಂದನ್ನು ಎರಡು ಸಲ ಒತ್ತುವರು. ಹೊರದೇಶದಲ್ಲಿದ್ದ ಮಗನ ಪತ್ರ, ರೈಲಿನ ವೇಳೆ, ಊರಿನ ಸುದ್ದಿ ಎಲ್ಲವೂ ಆ ಅಕ್ಷರದ ಹಿಂದೆ ಸಾಲುಗಟ್ಟಿ ನಿಂತಿರುತ್ತಿದ್ದವು. ಒಮ್ಮೆ ರಜೆಗೆ ಬಂದ ಮೊಮ್ಮಗ ಆ ಅಕ್ಷರವನ್ನು ತೆಗೆದು, ಅದರ ಜಾಗದಲ್ಲಿ ಭೂಗೋಳವನ್ನು ಸುತ್ತಿಕೊಂಡ ಕಿತ್ತಳೆ ಬಣ್ಣದ ನರಿಯೊಂದನ್ನಿಟ್ಟು ಹೊರಟುಹೋದ. ಮರುದಿನ ಬೆಳಿಗ್ಗೆ ಮೇಷ್ಟ್ರು ನಮ್ಮ ಮನೆಗೆ ಬಂದವರೇ, “ನಮ್ಮ ಮನೆಯ ಇಂಟರ್ನೆಟ್ಟನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರಯ್ಯಾ!” ಎಂದರು.

ನಾವೆಲ್ಲ ನಕ್ಕೆವು. ನಕ್ಕದ್ದು ತಪ್ಪೆಂದು ಈಗ ತೋರುತ್ತದೆ. ಮೇಷ್ಟ್ರಂತಹ ಕೋಟ್ಯಂತರ ಮಂದಿ ಹಾಗೆ ತಿಳಿಯಲಿ ಎಂಬ ಉದ್ದೇಶದಿಂದಲೇ ಜಗತ್ತಿನ ಬಲಾಢ್ಯ ಸಂಸ್ಥೆಗಳು ಅಪಾರ ದ್ರವ್ಯವನ್ನು ಸುರಿದಿವೆ. ಆ ಅಕ್ಷರದ ನಿಮಿತ್ತವಾಗಿಯೇ ಅಮೆರಿಕದ ಸರ್ಕಾರ ತನ್ನ ದೇಶದ ಅತಿ ಶ್ರೀಮಂತ ಕಂಪೆನಿಯೊಂದರ ಮೇಲೆ ದಾವೆ ಹೂಡಿತು.

ಬ್ರೌಸರು ಎಂಬುದು ಇಂಟರ್ನೆಟ್ಟಲ್ಲ. ಇಂಟರ್ನೆಟ್ಟಿನ ಪುಟಗಳನ್ನು ತಂದು ನಮ್ಮ ಕಣ್ಣೆದುರು ಹರಡುವ ಒಂದು ತಂತ್ರಾಂಶ ಮಾತ್ರ. ಗ್ರಂಥಭಂಡಾರಕ್ಕೂ ಅಲ್ಲಿ ಪುಸ್ತಕ ಎತ್ತಿಕೊಡುವ ಜವಾನನಿಗೂ ಎಷ್ಟು ಅಂತರವೋ ಇಲ್ಲಿಯೂ ಅಷ್ಟೇ. ಜವಾನ ಬದಲಾದರೆ ಭಂಡಾರ ಮಾಯವಾಗುವುದಿಲ್ಲ. ಆದರೆ ಮೊದಲ ದಿನದಿಂದಲೂ ಒಬ್ಬನೇ ಜವಾನನನ್ನು ಕಂಡವರ ಪಾಲಿಗೆ ಅವನೇ ಭಂಡಾರ.

ಇಂತಹ ಮೊದಲನೆಯ ತಂತ್ರಾಂಶವನ್ನು ೧೯೯೦ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ರಚಿಸಿದರು. ಅದನ್ನು ಜನಸಾಮಾನ್ಯರ ಕೈಗೆ ತಲಪಿಸಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ೧೯೯೩ರಲ್ಲಿ ಸಿದ್ಧವಾದ ‘ಮೊಸಾಯಿಕ್’. ಅದರ ಕರ್ತೃಗಳಲ್ಲೊಬ್ಬನಾದ ಮಾರ್ಕ್ ಆಂಡ್ರೀಸನ್ ಎಂಬ ತರುಣ ಮರುವರ್ಷವೇ ಜಿಮ್ ಕ್ಲಾರ್ಕ್ ಎಂಬ ಅನುಭವಸ್ಥ ಉದ್ಯಮಿಯ ಜೊತೆಗೂಡಿ ನೆಟ್‌ಸ್ಕೇಪ್ ಸಂಸ್ಥೆಯನ್ನು ಕಟ್ಟಿದ. ೧೯೯೫ರ ಆಗಸ್ಟ್ ೯ರಂದು, ಹುಟ್ಟಿ ಹದಿನಾರು ತಿಂಗಳಷ್ಟೇ ಆಗಿದ್ದ, ಇನ್ನೂ ಲಾಭದ ಮುಖವನ್ನೇ ಕಾಣದಿದ್ದ ಆ ಸಂಸ್ಥೆಯ ಷೇರುಗಳು ಪೇಟೆಗೆ ಬಂದವು. ೨೮ ಡಾಲರಿಗೆ ಹೊರಟ ಷೇರು ಅದೇ ದಿನ ೭೫ ಡಾಲರಿನವರೆಗೂ ಏರಿ ಸಂಜೆ ೫೮ ಡಾಲರ್ ೨೫ ಸೆಂಟಿಗೆ ನಿಂತಿತು. ಒಂದು ವಿಧದಲ್ಲಿ ಅದು ಆ ಸಂಸ್ಥೆಗೆ ತಗುಲಿದ ದೃಷ್ಟಿಯೂ ಆಯಿತು.

ದೃಷ್ಟಿ ಬಿದ್ದದ್ದು ಮೈಕ್ರೋಸಾಫ್ಟಿನದು. ಪ್ರಪಂಚದ ಬಹುಪಾಲು ಕಂಪ್ಯೂಟರುಗಳನ್ನು ಆಗ ನಡೆಸುತ್ತಿದ್ದುದು ಅದರ ‘ವಿಂಡೋಸ್’. ಆ ವರ್ಷದ ಮೇ ೨೬ರಂದು ಬಿಲ್ ಗೇಟ್ಸ್ ತಮ್ಮ ಅಧಿಕಾರಿಗಳಿಗೆ ಬರೆದ ದೀರ್ಘಪತ್ರವೊಂದರಲ್ಲಿ ಇಂಟರ್ನೆಟ್ಟನ್ನು ಏರಿಬರುತ್ತಿರುವ ಮಹಾ ಅಲೆಯೆಂದು ವರ್ಣಿಸಿ ಎಚ್ಚರಿಸಿದ್ದರು. ಅವರ ಭಯ ನಿರಾಧಾರವಾದುದಲ್ಲ. ಜನರಿಗೆ ಬೇಕಾದದ್ದೆಲ್ಲ ಬ್ರೌಸರಿನೊಳಗೇ ದೊರಕುವಂತಾದರೆ ಅದರ ಕೆಳಗಿರುವುದು ವಿಂಡೋಸೋ ಮತ್ತೊಂದೋ ಯಾರು ಕೇಳಿಯಾರು? ನೆಲವೇ ಕೈಜಾರುವ ಹೊತ್ತು ಅದು.

ಅಲ್ಲಿಂದ ಮುಂದೆ ನಡೆದುದೇ ಕಾಳಗ. ಸ್ಪೈಗ್ಲಾಸ್ ಎಂಬ ಚಿಕ್ಕ ಕಂಪೆನಿಯಿಂದ ಮೊಸಾಯಿಕ್‌ನ ಮೂಲವನ್ನು ಪಡೆದು ಮೈಕ್ರೋಸಾಫ್ಟ್ ೧೯೯೫ರ ಆಗಸ್ಟಿನಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್’ ಎಂಬ ಬ್ರೌಸರನ್ನು ಹೊರತಂದಿತು. ಮೇಷ್ಟ್ರ ನೀಲಿ ಅಕ್ಷರ ಇದರದೇ. ಅದನ್ನು ಹಣಕ್ಕೆ ಮಾರಲಿಲ್ಲ. ವಿಂಡೋಸಿನ ಜೊತೆಗೆ ಬಿಟ್ಟಿಯಾಗಿ ಕೊಟ್ಟಿತು. ಸ್ಪೈಗ್ಲಾಸಿಗೆ ಆದಾಯದಲ್ಲಿ ಪಾಲು ಕೊಡುವ ಕರಾರಿತ್ತು. ಮಾರಾಟವೇ ಇಲ್ಲವಾದ ಮೇಲೆ ಪಾಲೆಲ್ಲಿಯದು? ಪಾಪ, ೧೯೯೭ರಲ್ಲಿ ಅವರು ೮೦ ಲಕ್ಷ ಡಾಲರಿಗೆ ರಾಜಿಯಾದರು. ಅತ್ತ ನೆಟ್‌ಸ್ಕೇಪಿನ ಬದುಕು ಬ್ರೌಸರನ್ನು ಮಾರುವುದರ ಮೇಲೂ ನಿಂತಿತ್ತು. ಪಕ್ಕದಂಗಡಿಯಲ್ಲಿ ಅದೇ ಸರಕು ಧರ್ಮಕ್ಕೆ ಸಿಗತೊಡಗಿದಾಗ ಗಿರಾಕಿ ಯಾಕೆ ನಿಂತಾನು?

ಅಷ್ಟಕ್ಕೇ ನಿಂತಿದ್ದರೆ ಜಾಣ ವ್ಯಾಪಾರವೆನ್ನಬಹುದಿತ್ತು. ಕಾಂಪ್ಯಾಕ್ ಎಂಬುದು ಆ ಕಾಲದ ಅತಿ ದೊಡ್ಡ ಕಂಪ್ಯೂಟರು ತಯಾರಕ. ತಾನು ಮಾರುವ ಯಂತ್ರಗಳ ಪರದೆಯಿಂದ ನೀಲಿ ಅಕ್ಷರವನ್ನು ತೆಗೆದು ನೆಟ್‌ಸ್ಕೇಪನ್ನು ಮುಂದಿಟ್ಟಿತು. ೧೯೯೬ರಲ್ಲಿ ಅದಕ್ಕೆ ಮೈಕ್ರೋಸಾಫ್ಟಿನಿಂದ ನೋಟೀಸು ಹೋಯಿತು: ಅಕ್ಷರವನ್ನು ಮತ್ತೆ ಇಡದಿದ್ದರೆ ವಿಂಡೋಸಿನ ಪರವಾನಗಿಯೇ ರದ್ದು. ವಿಂಡೋಸ್ ಇಲ್ಲದ ಕಂಪ್ಯೂಟರನ್ನು ಆ ದಿನಗಳಲ್ಲಿ ಮಾರುವುದೆಂದರೆ ಎತ್ತಿಲ್ಲದ ಗಾಡಿ ಮಾರಿದಂತೆ. ಕಾಂಪ್ಯಾಕ್ ತೆಪ್ಪಗೆ ಅಕ್ಷರವನ್ನು ಸ್ವಸ್ಥಾನಕ್ಕೆ ಮರಳಿಸಿತು. ಗಿರಾಕಿಗೆ ಯಾವುದು ಬೇಕೆಂಬ ಪ್ರಶ್ನೆ ಈ ಪತ್ರವ್ಯವಹಾರದಲ್ಲಿ ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈ ಕದನದಲ್ಲಿ ವಿನೋದವೂ ಇಲ್ಲದಿರಲಿಲ್ಲ. ೧೯೯೭ರ ಶರತ್ಕಾಲದಲ್ಲಿ ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿ ಹೊರಬಿದ್ದ ರಾತ್ರಿ ಮೈಕ್ರೋಸಾಫ್ಟಿನ ಹುಡುಗರು ಆಳೆತ್ತರಕ್ಕೂ ಮೀರಿದ ‘ಇ’ ಅಕ್ಷರವೊಂದನ್ನು ಸಾಗಿಸಿ ತಂದು ಮೌಂಟನ್ ವ್ಯೂ ಪಟ್ಟಣದಲ್ಲಿದ್ದ ನೆಟ್‌ಸ್ಕೇಪ್ ಕಚೇರಿಯ ಹುಲ್ಲುಹಾಸಿನ ಮೇಲೆ ನೆಟ್ಟು ಹೋದರು. ಬೆಳಿಗ್ಗೆ ಬಂದ ನೆಟ್‌ಸ್ಕೇಪಿನವರು ಅದನ್ನು ಉರುಳಿಸಿ, ಅದರ ಮೇಲೆ ತಮ್ಮ ಲಾಂಛನವಾದ ರಾಕ್ಷಸ ಹಲ್ಲಿ ‘ಮೊಜಿಲ್ಲಾ’ವನ್ನು ನಿಲ್ಲಿಸಿ, ಅದರ ಕೊರಳಿಗೆ “ನೆಟ್‌ಸ್ಕೇಪ್ ೭೨, ಮೈಕ್ರೋಸಾಫ್ಟ್ ೧೮” ಎಂಬ ಫಲಕ ತೂಗುಹಾಕಿದರು. ನೂರಕ್ಕೆ ತಮ್ಮ ಪಾಲೆಷ್ಟು, ಎದುರಾಳಿಯದೆಷ್ಟು ಎಂಬ ಲೆಕ್ಕ ಅದು. ಆ ನಗು ಬಹು ದಿನ ಉಳಿಯಲಿಲ್ಲ. ೧೯೯೮ರ ಜನವರಿಯಲ್ಲಿ ನೆಟ್‌ಸ್ಕೇಪ್ ಕೂಡ ತನ್ನ ಬ್ರೌಸರನ್ನು ಬಿಟ್ಟಿಯೆಂದು ಸಾರಿತು. ವರ್ಷ ಮುಗಿಯುವುದರೊಳಗೆ ತನ್ನನ್ನೇ ಎ.ಓ.ಎಲ್. ಕಂಪೆನಿಗೆ ಮಾರಿಕೊಳ್ಳಲು ಒಪ್ಪಿತು. ಹೋಗುವ ಮುನ್ನ ಒಂದು ಸತ್ಕಾರ್ಯ ಮಾಡಿತು: ಬ್ರೌಸರಿನ ಮೂಲ ಬರಹವನ್ನು ಬೇಕಾದವರು ತಿದ್ದಿಕೊಳ್ಳಲೆಂದು ಲೋಕಕ್ಕೆ ಬಿಟ್ಟುಕೊಟ್ಟಿತು.

“ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ” ಎಂದು ನಮ್ಮ ಹೆಂಗಸರು ಆಡಿಕೊಳ್ಳುವುದುಂಟು. ಬಿಟ್ಟಿ ಬಂದ ಬಟ್ಟೆಯ ಅಳತೆ ನೋಡುವುದು ಕೃತಘ್ನತೆಯೆಂದು ಗಾದೆಯ ಅಭಿಪ್ರಾಯ. ಮೈಕ್ರೋಸಾಫ್ಟಿನ ವಾದವೂ ಹೆಚ್ಚು ಕಡಿಮೆ ಇದೇ ಆಗಿತ್ತು. ೧೯೯೮ರ ಮೇ ೧೮ರಂದು ಅಮೆರಿಕ ಸರ್ಕಾರವೂ ಇಪ್ಪತ್ತು ಸಂಸ್ಥಾನಗಳೂ ಮೊಕದ್ದಮೆ ಹೂಡಿದಾಗ, ಬ್ರೌಸರು ವಿಂಡೋಸಿನ ಅವಿಭಾಜ್ಯ ಅಂಗ, ಜನರಿಗೆ ಒಳ್ಳೆಯ ಪದಾರ್ಥವನ್ನು ಪುಕ್ಕಟೆಯಾಗಿ ಕೊಟ್ಟದ್ದು ಅಪರಾಧ ಹೇಗಾದೀತು, ಎಂದು ಅದು ಕೇಳಿತು. ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಎಂಬ ನ್ಯಾಯಾಧೀಶರು ಹಿತ್ತಲಿಗೆ ಹೋಗಿ ಮೊಳ ಹಾಕಿಯೇ ಹಾಕಿದರು. ಗೇಟ್ಸ್ ಮಹಾಶಯರ ಹೇಳಿಕೆಯ ಚಿತ್ರಮುದ್ರಿಕೆಯನ್ನು ನ್ಯಾಯಾಲಯದಲ್ಲಿ ತೋರಿಸಿದಾಗ, ಸಾಮಾನ್ಯ ಪದಗಳ ಅರ್ಥಕ್ಕೂ ಅವರು ತಕರಾರೆತ್ತುತ್ತಿದ್ದುದನ್ನು ಕಂಡು ನ್ಯಾಯಾಧೀಶರೇ ನಕ್ಕರೆಂದು ಪತ್ರಿಕೆಗಳು ಬರೆದವು. ೨೦೦೦ದ ಜೂನ್ ೭ರಂದು ಕಂಪೆನಿಯನ್ನು ಎರಡಾಗಿ ಸೀಳಬೇಕೆಂದು ಆಜ್ಞೆಯಾಯಿತು. ಮರುವರ್ಷ ಮೇಲಿನ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಪಡಿಸಿತು; ಮೊಕದ್ದಮೆಯ ವಿಷಯವಾಗಿ ಪತ್ರಕರ್ತರೊಡನೆ ಮಾತಾಡಿದ್ದಕ್ಕಾಗಿ ಜಾಕ್ಸನ್ನರನ್ನೂ ಅದರಿಂದ ದೂರವಿರಿಸಿತು. ಆದರೂ ಏಕಸ್ವಾಮ್ಯವನ್ನು ಅಕ್ರಮವಾಗಿ ಕಾಪಾಡಿಕೊಂಡರೆಂಬ ತೀರ್ಮಾನವನ್ನು ಮಾತ್ರ ಎತ್ತಿಹಿಡಿಯಿತು. ಕಡೆಗೆ ರಾಜಿ.

ಆದರೆ ದಟ್ಟಿಯ ನಿಜವಾದ ಅಳತೆ ತಿಳಿದದ್ದು ನ್ಯಾಯಾಲಯದಲ್ಲಲ್ಲ, ನಮ್ಮ ನಮ್ಮ ಮನೆಗಳಲ್ಲಿ. ೨೦೦೧ರ ಆಗಸ್ಟಿನಲ್ಲಿ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ ಬಂದಿತು. ಅನತಿಕಾಲದಲ್ಲೇ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಎಕ್ಸ್‌ಪ್ಲೋರರನ್ನೇ ಬಳಸುವಂತಾಯಿತು. ಏಳನೆಯದು ಬಂದದ್ದು ಯಾವಾಗ? ೨೦೦೬ರ ಅಕ್ಟೋಬರಿನಲ್ಲಿ. ಐದು ವರ್ಷ! ಎದುರಾಳಿ ಸತ್ತ ಮೇಲೆ ಗರಡಿಗೆ ಹೋಗುವ ಜಟ್ಟಿ ಯಾರು? ನಿಂತ ನೀರಿನಲ್ಲಿ ಹುಳು ಹುಟ್ಟುವಂತೆ ವೈರಸ್ಸುಗಳೂ ಕಳ್ಳ ತಂತ್ರಾಂಶಗಳೂ ಅದರಲ್ಲಿ ಬೆಳೆದವು. ೨೦೦೪ರ ಜೂನಿನಲ್ಲಿ ಅಮೆರಿಕದ ಸರ್ಕಾರಿ ಕಂಪ್ಯೂಟರ್ ಸುರಕ್ಷತಾ ತಂಡವೇ, ಬೇರೊಂದು ಬ್ರೌಸರನ್ನು ಬಳಸುವುದೂ ಪರಿಹಾರಗಳಲ್ಲಿ ಒಂದೆಂದು ಸೂಚಿಸಬೇಕಾಯಿತು.

ಕನ್ನಡಿಗರಿಗೂ ಇದರ ಬಿಸಿ ತಟ್ಟಿತು. ಯೂನಿಕೋಡ್ ಲಿಪಿವ್ಯವಸ್ಥೆ ಬಳಕೆಗೆ ಬರುವ ಮುನ್ನ ಕನ್ನಡದ ಜಾಲತಾಣಗಳು ತಂತಮ್ಮ ಅಕ್ಷರಮಾಲೆಯನ್ನು ಪುಟದ ಜೊತೆಯಲ್ಲಿಯೇ ಕಳುಹಿಸುವ ಉಪಾಯ ಮಾಡಿಕೊಂಡಿದ್ದವು. ಮೈಕ್ರೋಸಾಫ್ಟಿನ ವಿಧಾನ ಒಂದು, ನೆಟ್‌ಸ್ಕೇಪಿನದು ಮತ್ತೊಂದು. ಮೊದಲನೆಯದನ್ನು ಅನುಸರಿಸಿದ ಪುಟ ನೀಲಿ ಅಕ್ಷರದಲ್ಲಿ ತೆರೆದರೆ ಅಚ್ಚಗನ್ನಡ. ಬೇರೆ ಬ್ರೌಸರಿನಲ್ಲಿ ತೆರೆದರೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಕಲಸುಮೇಲೋಗರ. ಊರಿನ ಸುದ್ದಿ ಓದಲು ಹಂಬಲಿಸಿದ ಪರದೇಶದ ಕನ್ನಡಿಗನಿಗೆ ಆಯ್ಕೆಯ ಸ್ವಾತಂತ್ರ್ಯ ಅಲ್ಲಿಗೇ ಮುಗಿಯಿತು. ಇನ್ನು ಕಚೇರಿಗಳ ಮಾತು. ಒಂದು ಕಚೇರಿಯ ತಾಣದಲ್ಲಿ—ಹೆಸರು ಬೇಡ—ನಾನು ಅರ್ಜಿಯೊಂದನ್ನು ಮೂರು ಸಲ ತುಂಬಿದ್ದೇನೆ. ಮೂರು ಸಲವೂ ಕಟ್ಟಕಡೆಯ ಗುಂಡಿ ಒತ್ತಿದಾಗ ಏನೂ ಆಗಲಿಲ್ಲ. ನಾಲ್ಕನೆಯ ಸಲ, ‘ಈ ತಾಣವನ್ನು ಎಕ್ಸ್‌ಪ್ಲೋರರಿನಲ್ಲಿಯೇ ನೋಡತಕ್ಕದ್ದು’ ಎಂಬ ಇರುವೆಗಾತ್ರದ ಸಾಲು ಪುಟದ ಬುಡದಲ್ಲಿ ಕಣ್ಣಿಗೆ ಬಿತ್ತು!

ನೆಟ್‌ಸ್ಕೇಪ್ ಬಿಟ್ಟುಹೋದ ಮೂಲ ಬರಹದಿಂದ ಸ್ವಯಂಸೇವಕರು ಕಟ್ಟಿಬೆಳೆಸಿದ ‘ಫೈರ್‌ಫಾಕ್ಸ್’ ೨೦೦೪ರ ನವೆಂಬರ್ ೯ರಂದು ಹೊರಬಂದಿತು. ಮೊಮ್ಮಗ ಇಟ್ಟುಹೋದ ನರಿ ಇದೇ. ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದರ ಎರಡು ಪೂರ್ಣಪುಟಗಳ ಜಾಹೀರಾತು ಪ್ರಕಟವಾಯಿತು. ಅದಕ್ಕೆ ಹಣ ಕೂಡಿಸಿದ ಸುಮಾರು ಹತ್ತು ಸಾವಿರ ಮಂದಿಯ ಹೆಸರುಗಳೆಲ್ಲ ಅದರಲ್ಲಿ ಅಚ್ಚಾಗಿದ್ದವು. ಊರವರೆಲ್ಲ ಚಂದಾ ಎತ್ತಿ ತೇರು ಕಟ್ಟಿದಂತೆ. ಕನ್ನಡದಲ್ಲಿಯೇ ಮಾತನಾಡುವ ಆವೃತ್ತಿಯೂ ಸ್ವಯಂಸೇವಕರ ದುಡಿಮೆಯಿಂದ ಬಂದಿದೆ. ಏಳನೆಯ ಎಕ್ಸ್‌ಪ್ಲೋರರ್ ಕಣ್ಣುಬಿಟ್ಟದ್ದು ಈ ಪೈಪೋಟಿಯ ಮೇಲೆಯೇ.

ಯೂರೋಪಿನ ಅಧಿಕಾರಿಗಳು ಬೇರೆ ದಾರಿ ಹಿಡಿದರು. ೨೦೧೦ರಿಂದ ಅಲ್ಲಿಯ ವಿಂಡೋಸ್ ಬಳಕೆದಾರರ ಮುಂದೆ ಹಲವು ಬ್ರೌಸರುಗಳ ಪಟ್ಟಿ ಬಂದು, ‘ಇವುಗಳಲ್ಲಿ ಯಾವುದು?’ ಎಂದು ಕೇಳತೊಡಗಿತು. ಚುನಾವಣೆಯ ಮತಪತ್ರದಂತೆ! ಮುಂದೆ ಹದಿನಾಲ್ಕು ತಿಂಗಳ ಕಾಲ ಆ ಪಟ್ಟಿ ಸುಮಾರು ಒಂದೂವರೆ ಕೋಟಿ ಜನರಿಗೆ ಕಾಣಿಸಲೇ ಇಲ್ಲ. ತಾಂತ್ರಿಕ ದೋಷವೆಂದಿತು ಮೈಕ್ರೋಸಾಫ್ಟ್. ೨೦೧೩ರಲ್ಲಿ ೫೬ ಕೋಟಿ ೧೦ ಲಕ್ಷ ಯೂರೋ ದಂಡ ಬಿದ್ದಿತು.

ಅಷ್ಟರಲ್ಲಿ ಅಂಕದ ಪರದೆ ಬದಲಾಗಿತ್ತು. ೨೦೦೮ರ ಸೆಪ್ಟೆಂಬರಿನಲ್ಲಿ ಗೂಗಲ್ ಹೊರತಂದ ‘ಕ್ರೋಮ್’ ಚುರುಕಾಗಿತ್ತು, ಒಳ್ಳೆಯದಾಗಿತ್ತು. ಅದನ್ನು ಮೆಚ್ಚಿ ಆರಿಸಿಕೊಂಡವರು ಅಸಂಖ್ಯರು. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಇಂದು ಜಗತ್ತಿನ ಬಳಕೆಯಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ಅದರದೇ. ೨೦೨೦ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಹೊಸ ಬ್ರೌಸರಾದ ‘ಎಡ್ಜ್’ಗೆ ಕ್ರೋಮಿನದೇ ಎಂಜಿನನ್ನು ಜೋಡಿಸಿಕೊಂಡಿತು. ೨೦೨೨ರ ಜೂನ್ ೧೫ರಂದು ಎಕ್ಸ್‌ಪ್ಲೋರರಿಗೆ ಅಧಿಕೃತ ವಿದಾಯವಾದಾಗ ದಕ್ಷಿಣ ಕೊರಿಯಾದ ಇಂಜಿನಿಯರೊಬ್ಬ ಅದಕ್ಕೊಂದು ಗೋರಿಕಲ್ಲನ್ನೇ ಕೆತ್ತಿಸಿದ. ಇತರ ಬ್ರೌಸರುಗಳನ್ನು ಇಳಿಸಿಕೊಳ್ಳಲು ಇದೊಂದು ಒಳ್ಳೆಯ ಸಾಧನವಾಗಿತ್ತೆಂದು ಅದರ ಮೇಲೆ ಬರೆಸಿದ.

ಈ ಹೊಸ ದಟ್ಟಿಗೂ ಮೊಳ ಹಾಕುವ ಕೆಲಸ ನಡೆದಿದೆ. ಕ್ರೋಮ್ ಸೋಮಾರಿಯಾಗಿಲ್ಲ, ಅದರ ಲೆಕ್ಕವಿರುವುದು ಬೇರೆಡೆ. ಬ್ರೌಸರಿನ ನೆತ್ತಿಯ ಮೇಲಿನ ಪಟ್ಟಿಯಲ್ಲಿ ನಾವು ಏನಾದರೂ ಬರೆದರೆ ಅದು ಯಾರ ಬಳಿಗೆ ಹೋಗಿ ಉತ್ತರ ತರುತ್ತದೆ ಎಂಬುದೇ ಇಲ್ಲಿಯ ಬಂಗಾರದ ಗಣಿ. ಬೇರೆಯವರ ಬ್ರೌಸರುಗಳಲ್ಲಿಯೂ ಫೋನುಗಳಲ್ಲಿಯೂ ಆ ಜಾಗ ತನಗೇ ಸಿಗಲೆಂದು ಗೂಗಲ್ ೨೦೨೧ರಲ್ಲಿ ತೆತ್ತ ಹಣ ೨,೬೩೦ ಕೋಟಿ ಡಾಲರು! ಮರುವರ್ಷ ಆಪಲ್ ಒಂದಕ್ಕೇ ೨,೦೦೦ ಕೋಟಿ. ಜನರು ನಿಜಕ್ಕೂ ನೋಡಿ, ತೂಗಿ, ಆರಿಸುವವರಾಗಿದ್ದರೆ ಹೊಸ್ತಿಲ ಪಕ್ಕದ ಜಾಗಕ್ಕೆ ಇಷ್ಟು ಬಾಡಿಗೆಯನ್ನು ಯಾರು ಕೊಟ್ಟಾರು? ಗುಜರಾತಿನ ಪಾಟಣದಲ್ಲಿ ಹುಟ್ಟಿ ಎಳವೆಯಲ್ಲೇ ಅಮೆರಿಕ ಸೇರಿದ ನ್ಯಾಯಾಧೀಶ ಅಮಿತ್ ಮೆಹ್ತಾ ೨೦೨೪ರ ಆಗಸ್ಟ್ ೫ರಂದು, ಹುಡುಕಾಟದ ವ್ಯಾಪಾರದಲ್ಲಿ ಗೂಗಲ್ ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡಿದೆಯೆಂದು ತೀರ್ಪಿತ್ತರು. ಕ್ರೋಮನ್ನು ಮಾರಿಬಿಡಬೇಕೆಂದು ಸರ್ಕಾರ ಕೇಳಿತ್ತು. ೨೦೨೫ರ ಸೆಪ್ಟೆಂಬರಿನಲ್ಲಿ ಅವರು ಅದಕ್ಕೆ ಒಪ್ಪಲಿಲ್ಲ. ‘ನಮ್ಮದೊಂದೇ ಇರತಕ್ಕದ್ದು’ ಎಂಬ ಬಗೆಯ ಕರಾರುಗಳನ್ನು ನಿಷೇಧಿಸಿದರು, ಹಣ ಕೊಡುವುದನ್ನು ತಡೆಯಲಿಲ್ಲ. ತಡೆದಿದ್ದರೆ ಮೊದಲು ಬವಳಿ ಬರುತ್ತಿದ್ದುದು ಫೈರ್‌ಫಾಕ್ಸಿನವರಿಗೆ. ಅವರ ಆದಾಯದ ಬಹುಭಾಗ ಬರುವುದೇ ಗೂಗಲ್ಲಿನಿಂದ. ಎದುರಾಳಿಯ ಮನೆಯ ಅನ್ನ!

ನಮ್ಮ ದೇಶದಲ್ಲಿಯೂ ಸ್ಪರ್ಧಾ ಆಯೋಗ ೨೦೨೨ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಫೋನುಗಳ ವಿಷಯವಾಗಿ ಗೂಗಲ್ಲಿಗೆ ೧,೩೩೭ ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಫೋನಿನ ಜೊತೆಗೆ ಕ್ರೋಮನ್ನೂ ತುಂಬಿಸಿ ಕಳುಹಿಸುತ್ತಿದ್ದುದು ಆಕ್ಷೇಪಗಳಲ್ಲಿ ಒಂದು.

ಮೇಷ್ಟ್ರಿಗೀಗ ಎಂಬತ್ತು ದಾಟಿದೆ. ಕಂಪ್ಯೂಟರು ಮೂಲೆ ಸೇರಿದೆ, ಕೈಯಲ್ಲಿ ಫೋನಿದೆ. ಹೋದ ತಿಂಗಳು ಅವರನ್ನು ನೋಡಲು ಹೋದಾಗ, ಕೆಂಪು ಹಸಿರು ಹಳದಿಯ ಚಕ್ರವೊಂದನ್ನು ಒತ್ತಿ ಪಂಚಾಂಗ ನೋಡುತ್ತಿದ್ದರು. “ಇದನ್ನು ಯಾರು ಆರಿಸಿಕೊಟ್ಟರು ಮೇಷ್ಟ್ರೇ?” ಎಂದೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಆರಿಸುವುದೇನು ಬಂತಯ್ಯಾ, ಫೋನಿನಲ್ಲೇ ಇತ್ತು” ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: “ಆ ನರಿ ಇದೆಯೇನು ಇನ್ನೂ?” ಇದೆ ಎಂದೆ. ಅದನ್ನು ಫೋನಿಗೆ ಹಾಕಿಕೊಡುವಂತೆ ಹೇಳಿ ಕಾಫಿ ತರಿಸಲು ಒಳಗೆ ಹೋದರು.