796 ಸಿ.ಸಿ. ಎಂದರೆ ಎಷ್ಟು?

ಎರಡನೆಯ ಹಂತದ ಬೋಧನಾಭ್ಯಾಸಕ್ಕೆ ನನ್ನನ್ನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಹತ್ತನೆಯ ತರಗತಿಗೆ ಗಣಿತ; ಘಟಕ, ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ. ಪಾಠಯೋಜನೆಯ ಕಲಿಕೋಪಕರಣಗಳ ಅಂಕಣದಲ್ಲಿ ನಾನು ‘ಹಾಲಿನ ಪುಡಿಯ ಡಬ್ಬಿ’ ಎಂದು ಬರೆದಿದ್ದೆ. ಮಾರ್ಗದರ್ಶಕ ಶಿಕ್ಷಕರು ಅದನ್ನು ನೋಡಿ, “ಈ ಡಬ್ಬೀನ ಮಕ್ಕಳು ಎಂಟನೇ ಕ್ಲಾಸಿಂದ ನೋಡ್ತಾನೇ ಇದ್ದಾರೆ, ಬೇರೆ ಏನಾದ್ರೂ ತನ್ನಿ” ಎಂದರು. ಶಾಲೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಗ್ಯಾರೇಜಿದೆ. ಅಲ್ಲಿ ಗುಜರಿಗೆಂದು ಎತ್ತಿಟ್ಟಿದ್ದ ರಾಶಿಯಲ್ಲಿ ಮಾರುತಿ 800 ಕಾರಿನ ಒಂದು ಪಿಸ್ಟನ್ ಸಿಕ್ಕಿತು. ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿಕೊಂಡು ಮರುದಿನ ತರಗತಿಗೆ ಹೋದೆ.

1983ರಲ್ಲಿ ಬಂದು 2014ರವರೆಗೆ ತಯಾರಾದ ಆ ಕಾರನ್ನು ನೋಡದ ಮಕ್ಕಳಿಲ್ಲ. ಅದರ ಎಂಜಿನ್ 796 ಸಿ.ಸಿ. ಎಂಬುದೂ ಹಲವರಿಗೆ ಬಾಯಿಪಾಠ. ಆದರೆ ಸಿ.ಸಿ. ಎಂದರೇನು ಎಂದು ಕೇಳಿದಾಗ ಬಂದ ಉತ್ತರಗಳು ‘ಪವರ್’, ‘ಸ್ಪೀಡ್’, ‘ಪೆಟ್ರೋಲ್ ಹಿಡಿಸೋದು’. ಘನ ಸೆಂಟಿಮೀಟರ್ ಎಂದು ಒಬ್ಬರೂ ಹೇಳಲಿಲ್ಲ. ನಿನ್ನೆಯಷ್ಟೇ ಇದೇ ಏಕಮಾನದಲ್ಲಿ ಆರು ಲೆಕ್ಕ ಮಾಡಿದ್ದ ತರಗತಿ ಅದು!

ಪಿಸ್ಟನ್ನಿನ ವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಮಕ್ಕಳಿಂದಲೇ ಅಳೆಸಿದೆ. 68.5 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ ಬಂತು. ಸಿಲಿಂಡರಿನ ಒಳವ್ಯಾಸ 68.5, ಪಿಸ್ಟನ್ ಅದಕ್ಕಿಂತ ತುಸು ಚಿಕ್ಕದಿರಲೇಬೇಕು, ಇಲ್ಲದಿದ್ದರೆ ಬಿಸಿಯಾಗಿ ಹಿಗ್ಗಿದಾಗ ಒಳಗೇ ಕಚ್ಚಿಕೊಳ್ಳುತ್ತದೆ. ನಡುವಿನ ಸಂದನ್ನು ಪಿಸ್ಟನ್ ಸುತ್ತಲಿನ ರಿಂಗುಗಳು ಮುಚ್ಚುತ್ತವೆ. ಎತ್ತರವನ್ನು ಪಿಸ್ಟನ್ ನೋಡಿ ಹೇಳಲಾಗುವುದಿಲ್ಲ, ನಾನೇ ಕೊಟ್ಟೆ: 72 ಮಿ.ಮೀ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಎತ್ತರ ಪಿಸ್ಟನ್ನಿನದೂ ಅಲ್ಲ, ಸಿಲಿಂಡರಿನದೂ ಅಲ್ಲ. ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಸರಿಯುವ ದೂರ, ಅಂದರೆ ಸ್ಟ್ರೋಕ್. ನಾವು ಅಳೆಯುತ್ತಿರುವುದು ಕಣ್ಣಿಗೆ ಕಾಣುವ ವಸ್ತುವನ್ನಲ್ಲ, ಅದು ಗುಡಿಸಿ ಹೋಗುವ ಜಾಗವನ್ನು. ಡಬ್ಬಿಯಲ್ಲಿ ಇದನ್ನು ತೋರಿಸಲು ಬರುವುದಿಲ್ಲ.

ಒಂದು ಸಿಲಿಂಡರಿಗೆ ಸುಮಾರು 265 ಘನ ಸೆಂ.ಮೀ., ಮೂರಕ್ಕೆ 796. ಇಪ್ಪತ್ತೆರಡರ ಮೇಲೆ ಏಳು ಬಳಸಿದವರಿಗೆ 796.3, ಮೂರು ಪಾಯಿಂಟ್ ಒಂದು ನಾಲ್ಕು ಬಳಸಿದವರಿಗೆ 795.6 ಬಂದು ಸ್ವಲ್ಪ ಜಗಳವೂ ಆಯಿತು. ನಾಲ್ವರಿಗೆ 3184ರ ಆಸುಪಾಸು ಬಂತು. ವ್ಯಾಸವನ್ನೇ ತ್ರಿಜ್ಯವೆಂದು ಹಾಕಿದ್ದರು. ಇದು ಎಲ್ಲ ವರ್ಷದ ತಪ್ಪು. ಆದರೆ ಈ ಸಲ ನಾನು ಕೆಂಪು ಶಾಯಿ ತೆಗೆಯುವ ಮೊದಲೇ ಪಕ್ಕದವನು, “ಲೇ, ಅದು ಲಾರಿ ಎಂಜಿನ್ ಆಯ್ತು ಕಣೋ” ಎಂದ. ಉತ್ತರ ಅಸಂಭವವೆಂದು ಮಕ್ಕಳಿಗೇ ಹೊಳೆಯುವಂಥ ಅಳತೆಗಳನ್ನು ಕೊಟ್ಟರೆ ನಮ್ಮ ಅರ್ಧ ತಿದ್ದುಪಡಿ ಉಳಿಯುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಪಾಠವೆಂದು ಗುರುತಿಸಿಕೊಳ್ಳುತ್ತಿದ್ದೆನೋ ಏನೋ. ಉತ್ಸಾಹದಲ್ಲಿ ಕಪ್ಪುಹಲಗೆಯ ಮೇಲೆ ಮೂರು ಸಿಲಿಂಡರ್ ಬರೆದು, ಮೂರೂ ಪಿಸ್ಟನ್ನುಗಳನ್ನು ಒಂದೇ ಮಟ್ಟದಲ್ಲಿ ಇಟ್ಟು, “ಪೆಟ್ರೋಲ್ ಉರಿದಾಗ ಮೂರೂ ಒಟ್ಟಿಗೆ ಕೆಳಕ್ಕೆ ತಳ್ಳಲ್ಪಡುತ್ತವೆ” ಎಂದೆ. ಕೊನೆಯ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ವಾರಕ್ಕೆ ಮೂರು ದಿನ ಬಂದರೆ ಹೆಚ್ಚು ಎನ್ನಿಸಿಕೊಂಡವನು; ಭಾನುವಾರ, ಕೆಲವೊಮ್ಮೆ ಸೋಮವಾರವೂ, ತನ್ನ ಮಾವನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವವನು. “ಒಟ್ಟಿಗೆ ಹೊಡೆಯಲ್ಲ ಸರ್. ಒಂದು, ಮೂರು, ಎರಡು ಅಂತ ಹೊಡೆಯುತ್ತೆ. ಒಂದು ಪ್ಲಗ್ ಸತ್ತರೂ ಗಾಡಿ ಓಡುತ್ತಲ್ಲ, ಅದು ಹೇಗೆ ಸರ್?”

ಹಿಂದೆ ನಮ್ಮ ಉಪನ್ಯಾಸಕರು ಅವಲೋಕನಾ ನಮೂನೆ ಹಿಡಿದು ಕುಳಿತಿದ್ದರು. “ಅದು ಪಠ್ಯದಲ್ಲಿ ಇಲ್ಲ, ಕೂತ್ಕೊ” ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಆ ಹುಡುಗ ಮತ್ತೆ ಏಳುತ್ತಿರಲಿಲ್ಲ. “ನಾನು ಹೇಳಿದ್ದು ತಪ್ಪು. ನೀನು ಹೇಳಿದ್ದು ಸರಿ ಅನ್ನಿಸುತ್ತೆ, ಯಾಕೆ ಅಂತ ನಾಳೆ ಇಬ್ಬರೂ ಸೇರಿ ಹೇಳೋಣ” ಎಂದು ಚಿತ್ರ ಅಳಿಸಿದೆ. ನಮೂನೆಯ ‘ವಿಷಯ ಪ್ರಭುತ್ವ’ ಎಂಬ ಕಾಲಮ್ಮಿನಲ್ಲಿ ಅಂದು ನನಗೆ ಬಂದ ಅಂಕವನ್ನು ಇಲ್ಲಿ ಬರೆಯುವುದಿಲ್ಲ.

ಆ ಸಂಜೆ ಗ್ಯಾರೇಜಿನ ಸ್ಟೂಲಿನ ಮೇಲೆ ಕುಳಿತು ಕಲಿತದ್ದು ಇಷ್ಟು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೀರುವುದು, ಒತ್ತುವುದು, ಉರಿದು ತಳ್ಳುವುದು, ಹೊಗೆ ಹೊರಹಾಕುವುದು ಎಂಬ ನಾಲ್ಕು ಕೆಲಸ ಮುಗಿಯಲು ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಬೇಕು: 720 ಡಿಗ್ರಿ. ಮೂರು ಸಿಲಿಂಡರುಗಳು ಸಮವಾಗಿ ಹಂಚಿಕೊಂಡರೆ ಪ್ರತಿ 240 ಡಿಗ್ರಿಗೊಂದು ಹೊಡೆತ. ಆದರೆ ತಳ್ಳುವ ಸ್ಟ್ರೋಕ್ ಇರುವುದು 180 ಡಿಗ್ರಿ ಮಾತ್ರ. ಒಂದು ಹೊಡೆತ ಮುಗಿದು ಇನ್ನೊಂದು ಶುರುವಾಗುವ ತನಕ 60 ಡಿಗ್ರಿ ಯಾರೂ ತಳ್ಳುವವರಿಲ್ಲ. ಆ ಖಾಲಿ ಜಾಗವನ್ನು ದಾಟಿಸುವುದು ಫ್ಲೈವೀಲ್ ಎಂಬ ಭಾರದ ಚಕ್ರದ ಜಡತ್ವ. ಒಂದು ಪ್ಲಗ್ ಕಿಡಿ ಕೊಡದಿದ್ದರೆ ಎರಡು ಹೊಡೆತಗಳ ನಡುವೆ ಒಂದು ಕಡೆ 480 ಡಿಗ್ರಿ ಅಂತರ ಬೀಳುತ್ತದೆ. ಚಕ್ರ ಜೋರಾಗಿ ತಿರುಗುತ್ತಿದ್ದಾಗ ಅದನ್ನೂ ಹೇಗೋ ದಾಟುತ್ತದೆ, ಬಲ ಮಾತ್ರ ಕುಗ್ಗಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಜಡತ್ವ ಸಾಲದೆ ಇಡೀ ಕಾರು ಗಡಗಡ ನಡುಗುತ್ತದೆ. ಗ್ಯಾರೇಜಿನವರು ‘ಮಿಸ್ ಹೊಡೀತಿದೆ’ ಎನ್ನುವುದು ಇದಕ್ಕೇ. ನಿಮಿಷಕ್ಕೆ 3000 ಸುತ್ತಿನಲ್ಲಿ ಒಂದೊಂದು ಸಿಲಿಂಡರೂ ಸೆಕೆಂಡಿಗೆ 25 ಸಲ, ಮೂರೂ ಸೇರಿ 75 ಸಲ ಹೊಡೆಯಬೇಕು ಎಂಬುದನ್ನು ಮರುದಿನ ತರಗತಿಯೇ ಲೆಕ್ಕ ಹಾಕಿತು.

ಮರುದಿನ ಆ ಹುಡುಗ ಎರಡು ಹಳೆಯ ಸ್ಪಾರ್ಕ್ ಪ್ಲಗ್ ತಂದಿದ್ದ. ಒಂದರ ತುದಿ ತಿಳಿಕಂದು, ಇನ್ನೊಂದು ಒಣ ಮಸಿ ಹಿಡಿದು ಕಪ್ಪು. ಕಂದು ಬಣ್ಣ ಆರೋಗ್ಯದ ಗುರುತು. ಒಣ ಮಸಿ ಎಂದರೆ ಪೆಟ್ರೋಲ್ ಹೆಚ್ಚಾಗಿ ಗಾಳಿ ಸಾಲದೇ ಹೋಗಿದೆ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ತುದಿ ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗು ಅಥವಾ ವಾಲ್ವ್ ಸೀಲ್ ಸವೆದು ಆಯಿಲ್ ಒಳಗೆ ಬರುತ್ತಿದೆ, ಆಗ ಹಿಂದೆ ನೀಲಿ ಹೊಗೆ. ಚಳಿಗಾಲದ ಬೆಳಗ್ಗೆ ಸೈಲೆನ್ಸರಿನಿಂದ ನೀರು ತೊಟ್ಟಿಕ್ಕಿದರೆ ಹಲವರು ಹೆದರುತ್ತಾರೆ. ಹೆದರಬೇಕಿಲ್ಲ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಇದನ್ನು ಹೇಳಿದಾಗ ತರಗತಿ ನಂಬಲಿಲ್ಲ. ದಹನದ ಸಮೀಕರಣ ಬರೆದು ಅಣುರಾಶಿ ಕೂಡಿಸಿ ತೋರಿಸಿದ ಮೇಲೂ ಇಬ್ಬರು ಅನುಮಾನದಲ್ಲೇ ಉಳಿದರು.

ಎಂಜಿನ್ ಬಿಸಿಯಾಗುವ ವಿಷಯಕ್ಕೆ ಬಂದಾಗ ನಾನು ನನ್ನದೇ ಕಥೆ ಹೇಳಿದೆ. ಎರಡು ವರ್ಷದ ಹಿಂದೆ ಅಪ್ಪನ ಇದೇ ಮಾದರಿಯ ಕಾರನ್ನು ಶಿರಾಡಿ ಘಾಟಿ ಹತ್ತಿಸುತ್ತಿದ್ದೆ. ರೇಡಿಯೇಟರಿಗೆ ಕೂಲಂಟ್ ಬದಲು ತಿಂಗಳುಗಟ್ಟಲೆ ನಲ್ಲಿ ನೀರನ್ನೇ ತುಂಬಿದ್ದೆ, ಹೋಸ್ ಜಿನುಗುತ್ತಿದ್ದುದನ್ನು ನೋಡಿಯೂ ಬಿಟ್ಟಿದ್ದೆ. ಬಿಸಿಯ ಮುಳ್ಳು ಮೇಲೇರಿತು. ಸಕಲೇಶಪುರ ಇನ್ನೇನು ಬಂತು ಎಂದುಕೊಂಡು ನಿಲ್ಲಿಸದೆ ಹತ್ತಿಸಿದೆ. ಬಾನೆಟ್ಟಿನಿಂದ ಹಬೆ ಎದ್ದಾಗ ತಡವಾಗಿತ್ತು. ಹೆಡ್ ಬಾಗಿ ಗ್ಯಾಸ್ಕೆಟ್ ಹೋಗಿತ್ತು. ಅಪ್ಪ ಬೈಯಲಿಲ್ಲ, ಎರಡು ದಿನ ಮಾತಾಡಲಿಲ್ಲ.

ಆಗ ನಡೆದದ್ದೇನು? ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ, ಒತ್ತಡ ಹಿಡಿದಿಡುವ ಕವಾಟ. ವಾತಾವರಣದ ಒತ್ತಡದ ಮೇಲೆ ಇನ್ನೂ 0.9ರಷ್ಟು ಒತ್ತಡ ಸೇರಿದರೆ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 118 ಡಿಗ್ರಿಯವರೆಗೆ ತಡೆಯುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನ ತತ್ತ್ವ. ಹೋಸ್ ಜಿನುಗಿದರೆ ಆ ಒತ್ತಡವೇ ನಿಲ್ಲುವುದಿಲ್ಲ. ನೀರು ಹಬೆಯಾದ ಕಡೆ ಲೋಹದ ಶಾಖ ಒಯ್ಯುವವರಿಲ್ಲ. ಇನ್ನು ಹೆಡ್ ಅಲ್ಯೂಮಿನಿಯಮ್ಮಿನದು, ಬ್ಲಾಕ್ ಬೀಡುಕಬ್ಬಿಣದ್ದು. ಅದೇ ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿಹಿಡಿದಿರುವಾಗ ಹಿಗ್ಗಲು ಜಾಗವಿಲ್ಲದೆ ಹೆಡ್ ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಬಾಯಿಬಿಡುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ತಿರುಗಿಸಬಾರದೆಂಬುದನ್ನು ಮಕ್ಕಳಿಗೆ ಮೂರು ಸಲ ಹೇಳಿಸಿದೆ: ಒತ್ತಡ ಇಳಿದ ಕ್ಷಣವೇ ಒಳಗಿನ ನೀರೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಇನ್ನೊಂದು ಲೆಕ್ಕವನ್ನು ಮನೆಗೆಲಸಕ್ಕೆ ಕೊಟ್ಟೆ. ಸಂಪೀಡನ ಅನುಪಾತ 8.7ಕ್ಕೆ 1 ಆದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಮೇಲುಳಿಯುವ ಜಾಗ ಎಷ್ಟು? 265ನ್ನು 8.7ರಿಂದ ಭಾಗಿಸಿದವರೇ ಹೆಚ್ಚು. ಭಾಗಿಸಬೇಕಾದ್ದು 7.7ರಿಂದ, ಏಕೆಂದರೆ ಅನುಪಾತದ ಮೊದಲ ಪದದಲ್ಲಿ ಉಳಿದ ಜಾಗವೂ ಸೇರಿದೆ. ಸರಿಯುತ್ತರ 34.5 ಘನ ಸೆಂ.ಮೀ. ತರಗತಿಯಲ್ಲಿ ಐವರು ಸರಿ ಮಾಡಿದ್ದರು. ಗ್ಯಾರೇಜಿನ ಹುಡುಗ ಮಾಡಿರಲಿಲ್ಲ. ಆದರೆ ಆ ವಾರ ಐದು ದಿನ ಶಾಲೆಗೆ ಬಂದಿದ್ದ, ತಪ್ಪು ಉತ್ತರವನ್ನಾದರೂ ಬರೆದು ತಂದಿದ್ದ.

ಪಿಸ್ಟನ್ ಈಗ ಕಾಲೇಜಿನ ಗಣಿತ ಕೊಠಡಿಯ ಬೀರುವಿನಲ್ಲಿದೆ. ಬೋಧನಾಭ್ಯಾಸಕ್ಕೆ ಹೋಗುವವರು ಸಹಿ ಮಾಡಿ ಒಯ್ಯಬಹುದು. ರಿಂಗಿನ ಅಂಚು ಬೆರಳು ಕುಯ್ಯುತ್ತದೆ, ಅದನ್ನು ಬಿಚ್ಚಿ ಬೇರೆ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಒಂದು ಪೀರಿಯಡ್ಡಿಗೆ ಈ ಪಾಠ ಹಿಡಿಸುವುದಿಲ್ಲ, ಎರಡನ್ನು ಕೇಳಿ ಪಡೆಯಿರಿ.