ಜಿಪ್ ಫೈಲ್ ಇಣುಕಿ ನೋಡಿದ್ರೆ ಸಾಲದು, ಬಿಚ್ಚಿ!

ಮೇಲ್‌ನಲ್ಲಿ ಜಿಪ್ ಫೈಲ್ ಬಂತು. ಡಬಲ್ ಕ್ಲಿಕ್ ಮಾಡಿದ್ರಿ, ಒಳಗಿನ ಎಕ್ಸೆಲ್ ಶೀಟ್ ಕಾಣಿಸ್ತು, ಅಲ್ಲೇ ತೆರೆದು ತಿದ್ದೋಕೆ ಕೂತ್ರಿ. ಸೇವ್ ಒತ್ತಿದ್ರೆ ‘ರೀಡ್ ಓನ್ಲಿ’ ಅಂತ ತಕರಾರು! ಯಾಕಂದ್ರೆ ನೀವು ತಿದ್ದಿದ್ದು ವಿಂಡೋಸ್ ತನ್ನ ಟೆಂಪ್ ಫೋಲ್ಡರ್‌ನಲ್ಲಿ ಇಟ್ಕೊಂಡ ತಾತ್ಕಾಲಿಕ ಪ್ರತಿಯನ್ನ.

ಹಾಗಾಗಿ ಮೊದಲು ಬಿಚ್ಚಿ. ಫೈಲ್ ಮೇಲೆ ರೈಟ್ ಕ್ಲಿಕ್, ‘ಎಕ್ಸ್‌ಟ್ರಾಕ್ಟ್ ಆಲ್’, ಎಲ್ಲಿಗೆ ಅಂತ ಆರಿಸಿ, ‘ಎಕ್ಸ್‌ಟ್ರಾಕ್ಟ್’. ಮುಗೀತು. ಮ್ಯಾಕ್ ಇದ್ದವರಿಗೆ ಡಬಲ್ ಕ್ಲಿಕ್ಕೇ ಸಾಕು.

ಜಿಪ್ ಥರದ್ದೇ ಆರ್‌ಎಆರ್ ಫೈಲ್ ಬಂದ್ರೆ? ವಿಂಡೋಸ್ 11, 2023ರಿಂದ ಅದನ್ನೂ ತಾನೇ ತೆರೆಯುತ್ತೆ. ವಿಂಡೋಸ್ 10ರಲ್ಲಿ ಆಗಲ್ಲ, ಸೆವೆನ್-ಜಿಪ್ ಸಾಫ್ಟ್‌ವೇರ್ ಹಾಕ್ಕೊಳ್ಳಿ. ಇಗೊರ್ ಪಾವ್ಲೊವ್ 1999ರಲ್ಲಿ ಹೊರತಂದದ್ದು, ಪೂರ್ತಿ ಉಚಿತ.

‘ಪಾರ್ಟ್ 1’, ‘ಪಾರ್ಟ್ 2’ ಅಂತ ಫೈಲ್ ತುಂಡು ತುಂಡಾಗಿ ಬಂದಿದ್ಯಾ? ಎಲ್ಲಾ ತುಂಡನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ಮೊದಲನೆಯದನ್ನ ಮಾತ್ರ ಬಿಚ್ಚಿ. ಉಳಿದವನ್ನ ಸಾಫ್ಟ್‌ವೇರೇ ಹುಡುಕ್ಕೊಳ್ಳುತ್ತೆ. ಒಂದು ತುಂಡು ಕಮ್ಮಿಯಾದ್ರೂ ಎರರ್ ಗ್ಯಾರಂಟಿ.

ಬಿಚ್ಚಿದ ಮೇಲೆ ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಅಂತ ಉದ್ದ ಬಾಲದ ಫೈಲ್ ಕಂಡ್ರೆ ಅದು ಬಿಲ್ ಅಲ್ಲ, ಪ್ರೋಗ್ರಾಂ. ಕ್ಲಿಕ್ ಮಾಡಬೇಡಿ, ಡಿಲೀಟ್ ಮಾಡಿ.